ಹತಾರ, ಆಯುಧ, ಕತ್ತಿ: ಬೆಳಗಾವಿ ಸೀಮೆಯ ಬೇಟೆಗತ್ತಿಯ ಸ್ವರೂಪ ವಿವೇಚನೆ

ಬೇಟೆಗೆ ತಕ್ಕ ಕತ್ತಿ ಯಾವುದು, ಅದರ ಆದರ್ಶ ರೂಪ ಎಂತಹದು ಎಂಬ ಪ್ರಶ್ನೆ ಮೇಲುನೋಟಕ್ಕೆ ಕನ್ನಡ ಅಧ್ಯಯನದ ವ್ಯಾಪ್ತಿಗೆ ಸೇರಿದ್ದೆನಿಸುವುದಿಲ್ಲ. ಆದರೆ ಒಂದು ವಸ್ತುವಿನ ರೂಪವನ್ನು ಅರಿಯುವುದಕ್ಕೆ ಅದರ ಹೆಸರನ್ನು ಅರಿಯಬೇಕಾಗುತ್ತದೆ. ಹೆಸರು ಸಿಗದಿದ್ದರೆ ಏಕೆ ಸಿಗಲಿಲ್ಲ ಎಂಬುದನ್ನೂ ಕೇಳಬೇಕಾಗುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ಸೀಮೆಗಳಲ್ಲಿ ಬೇಟೆಯನ್ನು ಕುಲವೃತ್ತಿಯಾಗಿಯೋ ಉಪವೃತ್ತಿಯಾಗಿಯೋ ನಡೆಸಿಕೊಂಡು ಬಂದ ಬೇಡರು, ಹರಣಶಿಕಾರಿಗಳು ಮೊದಲಾದ ಸಮುದಾಯಗಳಿದ್ದಾರೆ. ಬಲೆ, ಉರುಲು, ನಾಯಿ, ಬಿಲ್ಲು, ಬಂದೂಕುಗಳ ಬಗ್ಗೆ ಮಾತು ದೊರೆಯುತ್ತದೆ. ಬೇಟೆಯ ಕತ್ತಿಗೆ ಮಾತ್ರ ಎಲ್ಲರೂ ಒಪ್ಪುವ ಒಂದು ಹೆಸರಿಲ್ಲ. ಈ ಹೆಸರಿಲ್ಲದಿರುವಿಕೆಯನ್ನು ಕೊರತೆಯೆಂದು ಬಗೆಯದೆ ಸಾಕ್ಷ್ಯವೆಂದು ಪರಿಗಣಿಸಿ, ಅದರ ಕಾರಣಗಳನ್ನು ಶೋಧಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಪಶ್ಚಿಮದಲ್ಲಿ ಈ ಪ್ರಶ್ನೆಗೆ ದೊಡ್ಡ ಚರ್ಚೆಯ ಪರಂಪರೆಯೇ ಇದೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಕತ್ತಿ ತಯಾರಕ ರಾಬರ್ಟ್ ಲವ್‌ಲೆಸ್ (1929–2010) ರೂಢಿಗೆ ತಂದ ಮಾದರಿಯನ್ನು ಹಲವರು ಇಂದಿಗೂ ಬೇಟೆಗತ್ತಿಯ ಉತ್ತಮ ರೂಪವೆಂದು ಎಣಿಸುತ್ತಾರೆ. ಗೇಣುದ್ದಕ್ಕಿಂತ ಚಿಕ್ಕದಾದ ಅಲಗು, ಮೊನೆಯ ಕಡೆಗೆ ಮೆಲ್ಲನೆ ಇಳಿದು ಬರುವ ಬೆನ್ನು, ತುಸು ಉಬ್ಬಿದ ಬಾಯಿ ಇವು ಅದರ ಲಕ್ಷಣಗಳು. ಮೊನೆ ಬೆನ್ನಿನ ಗೆರೆಗಿಂತ ಕೆಳಗಿರುವುದರಿಂದ ಪ್ರಾಣಿಯ ಹೊಟ್ಟೆಯನ್ನು ಸೀಳುವಾಗ ಕರುಳು ಹರಿಯುವ ಭಯ ಕಡಿಮೆ. ಆದರೆ ಅದಕ್ಕೂ ಬಹಳ ಮೊದಲು, 1884ರಲ್ಲಿ, ‘ನೆಸ್‌ಮಕ್’ ಎಂಬ ಹೆಸರಿನಿಂದ ಬರೆಯುತ್ತಿದ್ದ ಜಾರ್ಜ್ ವಾಷಿಂಗ್ಟನ್ ಸಿಯರ್ಸ್ ತನ್ನ ‘ವುಡ್‌ಕ್ರಾಫ್ಟ್’ ಗ್ರಂಥದಲ್ಲಿ ಒಂದೇ ಕತ್ತಿಯ ವಿಚಾರವನ್ನು ಬಿಟ್ಟುಕೊಟ್ಟಿದ್ದನು. ಚಿಕ್ಕ ಕೊಡಲಿ, ತೆಳ್ಳನೆಯ ಕತ್ತಿ, ಜೇಬಿನಲ್ಲಿ ಮಡಚಿಡುವ ಚಾಕು ಈ ಮೂರೂ ಸೇರಿದರೆ ಮಾತ್ರ ಕಾಡಿನ ಕೆಲಸ ಪೂರ್ಣವಾಗುತ್ತದೆ ಎಂಬುದು ಆತನ ನಿಲುವು. ನಮ್ಮ ಸೀಮೆಯ ಸಾಕ್ಷ್ಯಗಳು ಲವ್‌ಲೆಸ್‌ಗಿಂತ ಸಿಯರ್ಸ್‌ನ ಪಕ್ಷವನ್ನೇ ವಹಿಸುತ್ತವೆ ಎಂದು ನನ್ನ ಅಭಿಪ್ರಾಯ. ಆದರೆ ಇಲ್ಲಿ ಆ ಮೂರು ಹತಾರಗಳು ಬೇಟೆಗಾರನ ಸೊಂಟದಲ್ಲಿರದೆ ಒಕ್ಕಲಿಗನ ಹೊಲದಲ್ಲಿ, ಅಡುಗೆಯ ಮನೆಯಲ್ಲಿ, ತೊಗಲಿನ ಕೆಲಸದವರ ಕಟ್ಟೆಯ ಮೇಲೆ ಹಂಚಿಹೋಗಿವೆ.

ಕಾವ್ಯ ನಿಲ್ಲುವ ಸ್ಥಳ

ಕನ್ನಡನಾಡಿನ ಬೇಟೆಯ ದಾಖಲೆಗಳು ವಿರಳವಲ್ಲ. ಕ್ರಿ.ಶ. 949–50ರ ಆತಕೂರು ಶಾಸನ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಸ್ಮರಣೆಯನ್ನು ಉಳಿಸಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ ಮೃಗಯಾವಿನೋದವು ರಾಜನ ವಿನೋದಗಳಲ್ಲೊಂದಾಗಿ ವಿಸ್ತಾರವಾಗಿ ನಿರೂಪಿತವಾಗಿದೆ. ಹರಿಹರನ ಕಣ್ಣಪ್ಪನ ರಗಳೆಯಲ್ಲಿ ಬೇಡನೊಬ್ಬನ ಬೇಟೆಯೇ ಭಕ್ತಿಯ ದಾರಿಯಾಗುತ್ತದೆ. ವೀರಗಲ್ಲುಗಳಲ್ಲಿ ಹುಲಿ, ಹಂದಿಗಳೊಡನೆ ಸೆಣಸುವ ವೀರರ ಶಿಲ್ಪಗಳೂ ಇವೆ. ಅವರಲ್ಲಿ ಕೆಲವರ ಕೈಯಲ್ಲಿ ಈಟಿ, ಕೆಲವರ ಸೊಂಟದಲ್ಲಿ ಕಿರುಗತ್ತಿ.

ಇಷ್ಟಾದರೂ ನಮ್ಮ ಕಾವ್ಯಗಳ ಬೇಟೆ ಬಹುಮಟ್ಟಿಗೆ ಮಿಗ ನೆಲಕ್ಕೊರಗುವಲ್ಲಿಗೆ ಮುಗಿಯುತ್ತದೆ. ಓಟ, ಬೊಬ್ಬೆ, ನಾಯಿಗಳ ಹೆಸರು, ಬಾಣದ ಗುರಿ ಇವು ವರ್ಣನೆಗೆ ಒದಗುವ ಸಂಗತಿಗಳು. ಕತ್ತಿಯ ನಿಜವಾದ ಕೆಲಸ ಆರಂಭವಾಗುವುದು ಅಲ್ಲಿಂದ ಮುಂದೆ. ಸೀಳುವುದು, ಸುಲಿಯುವುದು, ಕೀಲು ಬಿಡಿಸುವುದು, ಪಾಲು ಮಾಡುವುದು ಇವುಗಳಿಗೆ ಅಷ್ಟಾದಶ ವರ್ಣನೆಗಳಲ್ಲಿ ಸ್ಥಾನವಿಲ್ಲ. ಆದ್ದರಿಂದ ಕಾವ್ಯದಿಂದ ನಿಘಂಟಿಗೆ ಬಂದ ಕತ್ತಿಯ ಶಬ್ದಗಳೆಲ್ಲ (ಅಸಿ, ಖಡ್ಗ, ಬಾಳ್, ಸುರಗಿ, ಕಠಾರಿ) ಯುದ್ಧದ ಶಬ್ದಗಳೇ ಆಗಿವೆ. ಅವುಗಳಲ್ಲಿ ಹಲವಕ್ಕೆ ಅರ್ಥ ಹೇಳುವಾಗ ‘ಒಂದು ಬಗೆಯ ಆಯುಧ’ ಎಂದು ಬರೆದು ಮುಂದಕ್ಕೆ ಹೋಗುವ ರೂಢಿ ನಮ್ಮ ಕೋಶಗಳಲ್ಲೂ ಟೀಕೆಗಳಲ್ಲೂ ಇದೆ. ಯಾವ ಬಗೆ ಎಂಬುದೇ ಓದುಗನಿಗೆ ಬೇಕಾಗಿರುವುದು.

ಈ ಕೊರತೆಗೆ ಅಪವಾದವಾಗಿ ವಚನ ಸಾಹಿತ್ಯ ನಿಲ್ಲುತ್ತದೆ. ಮಾದಾರ ಚೆನ್ನಯ್ಯನ ಅಂಕಿತದಲ್ಲೇ ಕೈಯುಳಿ, ಕತ್ತಿ, ಅಡಿಗೂಂಟ ಎಂಬ ಮೂರು ಹತಾರಗಳ ಹೆಸರುಗಳಿವೆ. ಅಂಕಿತದ ತಾತ್ವಿಕ ಅರ್ಥವನ್ನು ಕುರಿತು ಸಾಕಷ್ಟು ಬರೆಯಲಾಗಿದೆ. ಇಲ್ಲಿ ಗಮನಿಸಬೇಕಾದದ್ದು, ಉಳಿ ಮತ್ತು ಗೂಂಟಗಳ ನಡುವೆ ಕುಳಿತಿರುವ ಈ ‘ಕತ್ತಿ’ ರಣರಂಗದ್ದಲ್ಲ, ತೊಗಲನ್ನು ಕೊಯ್ಯುವಂಥದು. ವೀರನ ಕತ್ತಿಯನ್ನು ಹಾಡಿ ಹೊಗಳಿದ ಸಾಹಿತ್ಯದಲ್ಲಿಯೇ ಕಾಯಕದ ಕತ್ತಿಗೂ ಅದೇ ಹೆಸರು ಇತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರ ಬೇಕಿಲ್ಲ.

ಹೆಸರಿಗಿಂತ ಕ್ರಿಯೆ

‘ಕತ್ತಿ’ ಶಬ್ದದ ಅರ್ಥವ್ಯಾಪ್ತಿ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ. ಕರಾವಳಿ, ಮಲೆನಾಡುಗಳಲ್ಲಿ ಅದು ದಿನಬಳಕೆಯ ಹತಾರ. ಸೊಪ್ಪು ಸವರುವುದಕ್ಕೂ ಕಾಯಿ ಕೆತ್ತುವುದಕ್ಕೂ ಅದೇ. ಬಯಲುಸೀಮೆಯ ಗ್ರಾಂಥಿಕ ಬಳಕೆಯಲ್ಲಿ ಅದು ಖಡ್ಗ. ಕಿಟ್ಟೆಲ್ ಅವರ 1894ರ ನಿಘಂಟು ಚಿಕ್ಕ ಚಾಕುವಿನಿಂದ ಖಡ್ಗದವರೆಗಿನ ಅರ್ಥಗಳನ್ನು ಈ ಒಂದೇ ಶಬ್ದದಡಿ ತರುತ್ತದೆ. ಬೈಲಹೊಂಗಲದ ಆಡುಮಾತಿನಲ್ಲಿ ಇನ್ನೊಂದು ತೊಡಕಿದೆ. ಪದಾಂತ್ಯದ ಎಕಾರ ಇಕಾರವಾಗುವ ಉತ್ತರ ಕರ್ನಾಟಕದ ಉಚ್ಚಾರಣೆಯಲ್ಲಿ ‘ಕತ್ತೆ’ಯೂ ‘ಕತ್ತಿ’ಯೇ. ಹಳ್ಳಿಯ ಕಟ್ಟೆಯ ಮೇಲೆ ಕುಳಿತವರನ್ನು ‘ಕತ್ತಿಯ ಬಗ್ಗೆ ಹೇಳಿರಿ’ ಎಂದು ಕೇಳುವ ಸಂಶೋಧಕನಿಗೆ ಅಗಸರ ಮನೆಯ ದಾರಿಯನ್ನು ತೋರಿಸಿದರೆ ಆಶ್ಚರ್ಯಪಡಬೇಕಾಗಿಲ್ಲ.

ಆದ್ದರಿಂದಲೇ ಇಲ್ಲಿ ದಿನಬಳಕೆಯ ಅಲಗುಗಳಿಗೆ ಬೇರೆ ಹೆಸರುಗಳಿವೆ. ಕುಡಗೋಲು, ಕೊಯ್ತಾ, ಕೊಡಲಿ, ಚೂರಿ, ಈಳಗಿ, ರಂಪಗಿ. ಕುಡುಗೋಲು ಎಂಬುದರಲ್ಲಿನ ‘ಕುಡು’ ಬಾಗಿದ್ದು ಎಂಬುದನ್ನು ಸೂಚಿಸುತ್ತದೆ; ಅಂದರೆ ಹೆಸರಿನಲ್ಲೇ ರೂಪವಿದೆ. ಕಬ್ಬು ಕಡಿಯುವ ಕೊಯ್ತಾ ಮರಾಠಿಯ ಮೂಲಕ ಬಂದ ಶಬ್ದವಾದರೂ ಕನ್ನಡದ ‘ಕೊಯ್’ ಧಾತುವನ್ನು ನೆನಪಿಸುತ್ತದೆ. ಇಲ್ಲಿಂದ ಹೋಗಿ ಅಲ್ಲಿಂದ ಮರಳಿ ಬಂದ ಶಬ್ದವೇ ಎಂಬುದು ವಿಚಾರಾರ್ಹ. ‘ಸುರಗಿ’ಯೂ ‘ಚೂರಿ’ಯೂ ಸಂಸ್ಕೃತದ ಛುರಿಕೆಯ ಕಡೆಗೇ ಕೈಮಾಡುತ್ತವೆ, ಆದರೆ ಒಂದು ಕಾವ್ಯದಲ್ಲಿ ಉಳಿಯಿತು, ಇನ್ನೊಂದು ಬಾಳೆಯ ಹಣ್ಣಿನ ಅಂಗಡಿಗೆ ಇಳಿಯಿತು.

ನಾಮಪದಗಳಿಗಿಂತ ಹೆಚ್ಚು ಫಲ ಕೊಡುವುದು ಕ್ರಿಯಾಪದಗಳ ಪರಿಶೀಲನೆ. ಕಡಿ, ಕೊಚ್ಚು, ಕೊಯ್, ತರಿ, ಸೀಳು, ಸಿಗಿ, ಸುಲಿ, ಹೆರೆ, ಹೆಚ್ಚು, ಕೆತ್ತು, ಸವರು, ಇರಿ, ತಿವಿ ಇವುಗಳಲ್ಲಿ ಯಾವೆರಡೂ ಸಮಾನಾರ್ಥಕಗಳಲ್ಲ. ಪ್ರತಿಯೊಂದೂ ಅಲಗಿನ ಒಂದು ಚಲನೆಯನ್ನು ಹೇಳುತ್ತದೆ. ಕಡಿಯುವುದು ಮೇಲಿನಿಂದ ಬೀಳುವ ಪೆಟ್ಟು. ಅದಕ್ಕೆ ತೂಕ ಬೇಕು. ಕೊಯ್ಯುವುದು ತನ್ನ ಕಡೆಗೆ ಎಳೆಯುವ ಚಲನೆ. ಅದಕ್ಕೆ ಒಳಗೆ ಬಾಗಿದ ಬಾಯಿ ಬೇಕು. ಸುಲಿಯುವುದು ತೊಗಲು ಮತ್ತು ಮಾಂಸದ ನಡುವೆ ಜಾರುವ ಚಲನೆ. ಅದಕ್ಕೆ ಹೊರಗೆ ಉಬ್ಬಿದ ಬಾಯಿ ಬೇಕು. ಇರಿಯುವುದಕ್ಕೆ ಮೊನೆ, ಹೆರೆಯುವುದಕ್ಕೆ ನೇರವಾದ ಬಾಯಿ. ಅಲಗಿನ ವಿನ್ಯಾಸಶಾಸ್ತ್ರವೊಂದು ಕನ್ನಡದಲ್ಲಿ ಗ್ರಂಥರೂಪವಾಗಿ ಇಲ್ಲದಿದ್ದರೂ ಧಾತುರೂಪವಾಗಿ ಇದೆ ಎನ್ನಬೇಕು. ಒಕ್ಕಲಿಗನು ಕುಲುಮೆಗೆ ಹೋದಾಗ ಕಂಬಾರನಿಂದ ಬರುವ ಮೊದಲ ಪ್ರಶ್ನೆಯೂ ಆಕಾರದ್ದಲ್ಲ, ‘ಯಾತಕ್ಕ ಬೇಕ್ರಿ?’ ಎಂಬ ಕೆಲಸದ ಪ್ರಶ್ನೆ.

ಈ ಧಾತುಗಳನ್ನು ಬೇಟೆಗೆ ಅನ್ವಯಿಸಿ ನೋಡೋಣ. ರಾಮದುರ್ಗ, ಸವದತ್ತಿಗಳ ಒಣ ಬಯಲಿನಲ್ಲೂ ಗುಡ್ಡದ ಸೆರಗಿನಲ್ಲೂ ಹಿಂದೆ ಬೇಟೆಗೆ ಗುರಿಯಾಗುತ್ತಿದ್ದವು ಚಿಗರಿ, ಹಂದಿ, ಮೊಲ, ಕೌಜುಗ. ಚಿಗರಿಯ ತೊಗಲನ್ನು ಇಡಿಯಾಗಿ ಬಿಚ್ಚಬೇಕಾದಲ್ಲಿ ಸುಲಿಯುವ ಅಲಗು ಬೇಕಾಗುತ್ತದೆ. ಕಾಡುಹಂದಿಯನ್ನು ಸಾಮಾನ್ಯವಾಗಿ ಸುಲಿಯುವುದಿಲ್ಲ. ಬೆಂಕಿಯಲ್ಲಿ ಕೂದಲು ಸುಟ್ಟು ಮೈ ಹೆರೆಯುತ್ತಾರೆ, ಅಲ್ಲಿಗೆ ನೇರ ಬಾಯಿ ಸಾಕು. ಎಲುಬು ಕಡಿಯಲು ತೂಕದ ಅಲಗು. ಮೊಲ, ಕೌಜುಗಗಳಿಗೆ ಬೆರಳುದ್ದದ ಚೂರಿಯೇ ಹೆಚ್ಚು. ಎಳೆದು ಕೊಯ್ಯುವ ಕುಡಗೋಲು ಜೋಳದ ದಂಟಿಗೆ ಎಷ್ಟು ಒಗ್ಗುತ್ತದೆಯೋ ತೊಗಲಿಗೆ ಅಷ್ಟೇ ಒಗ್ಗದು. ಅದರ ಒಳಬಾಗಿನ ಮೊನೆ ಕರುಳಿಗೆ ತಾಗುತ್ತದೆ. ತೊಗಲಿಗೆ ತಕ್ಕ ಉಬ್ಬುಬಾಯಿಯ ಹತಾರ ಊರಿನಲ್ಲಿ ಇರುವುದು ತೊಗಲಿನ ಕೆಲಸದವರ ಕೈಯ ರಂಪಗಿ ಮಾತ್ರ. ಚೆನ್ನಯ್ಯನ ಅಂಕಿತದ ಕತ್ತಿ ಈ ಜಾತಿಯದೇ ಆಗಿರಬಹುದೆಂದು ಊಹಿಸಲು ಇಲ್ಲಿ ಅವಕಾಶವಿದೆ. ಹೀಗೆ ಬೇಟೆಯ ಕೊನೆಯ ಹಂತದಲ್ಲಿ ಕೊಡಲಿ, ಚೂರಿ, ರಂಪಗಿ ಎಂಬ ಮೂರು ಕಸುಬಿನ ಹತಾರಗಳು ಒಂದೆಡೆ ಸೇರುತ್ತವೆ. ಎಲ್ಲವನ್ನೂ ಒಂದರಲ್ಲಿ ಮಾಡುವ ‘ಆದರ್ಶ’ ಅಲಗು ರೂಪುಗೊಳ್ಳುವ ಒತ್ತಡವೇ ಈ ಸಮಾಜದಲ್ಲಿ ಇರಲಿಲ್ಲ. ಅಂತಹ ಅಲಗು ಒಂಟಿ ಬೇಟೆಗಾರನ ಅಗತ್ಯ. ಇಲ್ಲಿನ ಬೇಟೆ ಬಹುಪಾಲು ಗುಂಪಿನದು, ಪಾಲಿನದು.

ರೂಪದಷ್ಟೇ ಮುಖ್ಯವಾದದ್ದು ಹದ. ಇಂದು ಈ ಸೀಮೆಯಲ್ಲೂ ಬೇರೆಡೆಗಳಲ್ಲೂ ಕುಲುಮೆಯ ಗಟ್ಟಿ ಅಲಗುಗಳಿಗೆ ಲಾರಿಗಳ ಹಳೆಯ ಕಮಾನುಪಟ್ಟಿಯೇ ಮೆಚ್ಚಿನ ಕಚ್ಚಾವಸ್ತು. ನೂರಕ್ಕೆ ಸುಮಾರು 0.5ರಿಂದ 0.6ರಷ್ಟು ಇಂಗಾಲವಿರುವ ಈ ಉಕ್ಕು ಅಲಗಿಗೆ ಒಗ್ಗುವಂಥದು. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಇನ್ನೂ ತುಸು ಕಾಯಿಸಿ ಅದ್ದಿದರೆ ಗಡಸಾಗುತ್ತದೆ. ಆದರೆ ಬರಿ ಗಡಸಾದ ಅಲಗು ಗಾಜಿನಂತೆ ಒಡೆಯುತ್ತದೆ. ಅದನ್ನು ಮತ್ತೆ ಮೆಲ್ಲನೆ ಕಾಯಿಸಿದಾಗ ಉಜ್ಜಿದ ಮೈಮೇಲೆ ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ನೀಲಿ ಹೀಗೆ ಬಣ್ಣಗಳು ಓಡುತ್ತವೆ. ಹಳದಿ ಸುಮಾರು 220–230 ಡಿಗ್ರಿಯದು, ನೀಲಿ 300ರ ಸನಿಹದ್ದು. ಸೂಕ್ಷ್ಮ ಬಾಯಿ ಬೇಕಾದ ಚೂರಿಯನ್ನು ಹಳದಿಯಲ್ಲಿ ನಿಲ್ಲಿಸಬೇಕು. ಪೆಟ್ಟು ತಿನ್ನುವ ಕೊಡಲಿಯನ್ನು ನೇರಳೆ, ನೀಲಿಯ ಕಡೆಗೆ ಬಿಡಬೇಕು. ಉಷ್ಣಮಾಪಕವಿಲ್ಲದ ಕುಲುಮೆಯಲ್ಲಿ ಈ ಇಡೀ ಜ್ಞಾನ ಕಣ್ಣು ಮತ್ತು ಮಾತಿನಲ್ಲಿದೆ. ಅದಕ್ಕೆ ಕನ್ನಡ ಬಳಸುವ ಶಬ್ದ ‘ಹದ’. ಎರೆಯ ಹೊಲ ಬಿತ್ತನೆಗೆ ಬರುವುದಕ್ಕೂ, ಪಾಕ ಎಳೆಗೆ ಬರುವುದಕ್ಕೂ, ತೊಗಲು ಮೆದುವಾಗುವುದಕ್ಕೂ, ಅಲಗು ಗಟ್ಟಿಯಾಗುವುದಕ್ಕೂ ಒಂದೇ ಶಬ್ದ! ಪಶ್ಚಿಮದ ಭಾಷೆಗಳಿಗೆ ‘ವುಟ್ಜ್’ ಎಂಬ ರೂಪದಲ್ಲಿ ಹೋದ ಶಬ್ದವು ಕನ್ನಡದ ‘ಉಕ್ಕು’ ಎಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಲೋಹದ ಹೆಸರು ಹೊರಗೆ ಹೋಯಿತು. ಹದದ ಹೆಸರು ಮನೆಯಲ್ಲೇ ಉಳಿಯಿತು.

ಹತಾರ ಮತ್ತು ಕಾಯಿದೆ

ಈವರೆಗಿನ ವಿವೇಚನೆಯಿಂದ ಬೇಟೆಗತ್ತಿಗೆ ಪ್ರತ್ಯೇಕ ಹೆಸರಿಲ್ಲದಿರುವುದು ಸಹಜವೆಂದೇ ತೋರುತ್ತದೆ. ಆದರೆ ಅದಕ್ಕೆ ಚಾರಿತ್ರಿಕ ಕಾರಣವೂ ಒಂದಿದೆ.

ಉತ್ತರ ಕರ್ನಾಟಕದ ಕನ್ನಡದಲ್ಲಿ ‘ಹತಾರ’ ಎಂಬ ಶಬ್ದ ಬಡಿಗನ ಉಳಿ, ಬಾಚಿಗಳಿಗೂ ಸಲ್ಲುತ್ತದೆ, ಸಿಪಾಯಿಯ ಕತ್ತಿ, ಬಂದೂಕಿಗೂ ಸಲ್ಲುತ್ತದೆ. ಆಯುಧ ಬೇರೆ, ಉಪಕರಣ ಬೇರೆ ಎಂಬ ಭೇದವನ್ನು ಈ ಶಬ್ದ ಮಾಡುವುದಿಲ್ಲ. ಆಚರಣೆಯೂ ಮಾಡುವುದಿಲ್ಲ: ಖಂಡೇನವಮಿಯ ದಿನ ಕುಡಗೋಲು, ಕುಡ, ಕೊಡಲಿ, ಮನೆಯಲ್ಲಿ ಹಳೆಯ ಕತ್ತಿಯಿದ್ದರೆ ಅದೂ ಒಂದೇ ಜಗಲಿಯಲ್ಲಿ ಪೂಜೆಗೊಳ್ಳುತ್ತವೆ. ಸವದತ್ತಿಯ ಎಲ್ಲಮ್ಮನ ಗುಡ್ಡದ ಪುರಾಣದಲ್ಲೂ ಪರಶುರಾಮನ ಕೈಯಲ್ಲಿರುವುದು ಕಟ್ಟಿಗೆ ಕಡಿಯುವ ಮನೆಯಲ್ಲೂ ಇರುವ ಕೊಡಲಿಯೇ. ಈ ತಾಲ್ಲೂಕಿಗೆ ಬಹುಕಾಲ ಪರಸಗಡ ಎಂಬ ಹೆಸರೇ ಇತ್ತು.

1857ರ ಇಪ್ಪತ್ತೆಂಟನೆಯ ಕಾಯಿದೆ ಈ ಅಖಂಡತೆಯನ್ನು ಒಡೆಯಿತು. ಪರವಾನಿಗೆಯಿಲ್ಲದೆ ಹತಾರ ಇಟ್ಟುಕೊಳ್ಳಬಾರದೆಂಬ ಆಜ್ಞೆ ದಕ್ಷಿಣ ಮರಾಠಾ ಪ್ರದೇಶದಲ್ಲಿ ಜಾರಿಯಾದಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದನ್ನು ಧಿಕ್ಕರಿಸಿದರು. ಆ ವರ್ಷದ ನವೆಂಬರ್ ಕೊನೆಗೆ ಊರಿನ ಮೇಲೆ ದಾಳಿಯಾಯಿತು, ಡಿಸೆಂಬರಿನಲ್ಲಿ ಹಲವರು ಗಲ್ಲಿಗೇರಿದರು. ಈ ಘಟನೆಯ ಲಾವಣಿಯನ್ನು ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ ‘ಇಂಡಿಯನ್ ಆ್ಯಂಟಿಕ್ವೆರಿ’ಯಲ್ಲಿ ಪ್ರಕಟಿಸಿದ ಮೇಲೆ ಅದು ವಿದ್ವಾಂಸರ ಗಮನಕ್ಕೆ ಬಂದಿತು, ಆಮೇಲೆ ಪಠ್ಯಪುಸ್ತಕಗಳಿಗೂ ಬಂದಿತು. ಲಾವಣಿಯ ಕೇಂದ್ರ ಶಬ್ದ ‘ಹತಾರ’ವೇ. ನಾವು ತರಗತಿಯಲ್ಲಿ ಅದಕ್ಕೆ ‘ಆಯುಧ’ ಎಂದು ಅರ್ಥ ಹೇಳುತ್ತೇವೆ. ಹಾಗೆ ಹೇಳುವುದು ಆಜ್ಞೆಯನ್ನು ಹೊರಡಿಸಿದವರ ಅರ್ಥ. ಆಜ್ಞೆಯನ್ನು ಕೇಳಿಸಿಕೊಂಡವರಿಗೆ ಅದೇ ಶಬ್ದ ದುಡಿಮೆಯ, ಬೇಟೆಯ, ಅನ್ನದ ಸಾಧನವನ್ನೂ ಒಳಗೊಂಡಿತ್ತು ಎಂಬುದನ್ನು ನೆನೆದರೆ ಬಂಡಾಯದ ತೀವ್ರತೆ ಇನ್ನಷ್ಟು ಅರ್ಥವಾಗುತ್ತದೆ. ಮರುವರ್ಷ ಮೇ 29ರಂದು ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಕೊಲೆಯಾದದ್ದು ರಾಮದುರ್ಗ ಸೀಮೆಯ ಸುರೇಬಾನದಲ್ಲಿ. ನರಗುಂದದ ಬಾಬಾಸಾಹೇಬನ ಆ ಪ್ರಕರಣಕ್ಕೆ ದತ್ತಕದ ನಿರಾಕರಣೆ ಮುಖ್ಯ ಕಾರಣವಾದರೂ ನಿಃಶಸ್ತ್ರೀಕರಣದ ಅಸಮಾಧಾನವೂ ಅದರ ಹಿಂದೆ ಇತ್ತು. ಕಿತ್ತೂರಿನ ಶೇತಸನದಿಗಳ ನೆನಪು ಇನ್ನೂ ಹಸಿಯಾಗಿದ್ದ ನೆಲವಿದು. ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿ (1831) ಮೂವತ್ತು ವರ್ಷಗಳೂ ತುಂಬಿರಲಿಲ್ಲ.

1878ರ ಶಸ್ತ್ರ ಕಾಯಿದೆ ಈ ವಿಭಜನೆಯನ್ನು ಖಾಯಂ ಮಾಡಿತು. ಸ್ವತಂತ್ರ ಭಾರತದ 1959ರ ಕಾಯಿದೆಯೂ ಕೇವಲ ಗೃಹಬಳಕೆಗೆ ಅಥವಾ ಕೃಷಿಗೆಂದು ರೂಪಿಸಿದ ವಸ್ತುಗಳನ್ನು ‘ಶಸ್ತ್ರ’ದ ವ್ಯಾಖ್ಯೆಯಿಂದ ಹೊರಗಿಡುತ್ತದೆ. 1962ರ ನಿಯಮಗಳು ಇನ್ನೂ ಮುಂದೆ ಹೋಗಿ, 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು, ಅವು ಮನೆ, ಹೊಲ, ವಿಜ್ಞಾನ, ಉದ್ದಿಮೆಯ ಬಳಕೆಯವಲ್ಲದಿದ್ದರೆ, ಶಸ್ತ್ರಗಳ ಸಾಲಿಗೆ ಸೇರಿಸಿದವು. ಅಲಗಿನ ಹಣೆಬರಹವನ್ನು ಅದರ ಉದ್ದೇಶ ನಿರ್ಧರಿಸುತ್ತದೆ, ಉದ್ದೇಶವನ್ನು ಹೇಳುವುದು ಹೆಸರು. ಇಂತಹ ಸ್ಥಿತಿಯಲ್ಲಿ ‘ಬೇಟೆಯ ಕತ್ತಿ’ ಎಂದು ಹೆಸರಿಟ್ಟುಕೊಂಡು ಬಾಳುವುದು ಯಾವ ಅಲಗಿಗೂ ಸುಲಭವಲ್ಲ. ಅದು ಕುಡಗೋಲಾಗಿಯೋ ಕೊಡಲಿಯಾಗಿಯೋ ಉಳಿಯಬೇಕು.

ಈ ಮಾತನ್ನು ಪರೀಕ್ಷಿಸಲು ಕನ್ನಡನಾಡಿನಲ್ಲೇ ಒಂದು ಪ್ರತಿದೃಷ್ಟಾಂತವಿದೆ. ಹಲಗಲಿಯ ನಾಲ್ಕು ವರ್ಷಗಳ ತರುವಾಯ, 1861ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರಿಗೆ ನಿಃಶಸ್ತ್ರೀಕರಣ ಕಾಯಿದೆಯಿಂದ ವಿನಾಯಿತಿ ಕೊಟ್ಟನು. ಬಂದೂಕಿನ ಮಟ್ಟಿಗೆ ಅದು ಇಂದಿಗೂ ಮುಂದುವರಿದಿದೆ. 2019ರ ಅಧಿಸೂಚನೆ ಅದನ್ನು 2029ರವರೆಗೆ ವಿಸ್ತರಿಸಿದೆ. ಅಲ್ಲಿ ಅಲಗಿಗೆ ಹೆಸರಿದೆ, ಒರೆಯಿದೆ, ಹಬ್ಬವಿದೆ. ಸೊಂಟದ ಮುಂದೆ ಬೆಳ್ಳಿಯ ಒರೆಯ ಪೀಚೆಕತ್ತಿ, ಬೆನ್ನಿಗೆ ಹಿತ್ತಾಳೆಯ ತೊಡಂಗಿನಲ್ಲಿ ಸಿಕ್ಕಿಸುವ ಒಡಿಕತ್ತಿ, ಪೂಜೆಗೆ ಸೆಪ್ಟೆಂಬರಿನ ಕೈಲ್‌ಪೊಳ್ದ್. ಮದುವೆಯಲ್ಲಿ ಒಡಿಕತ್ತಿಯಿಂದ ಬಾಳೆಯ ದಿಂಡು ಕಡಿಯುವ ಸಂಪ್ರದಾಯವೂ ಇದೆ. ಒಡಿಕತ್ತಿಯನ್ನು ಅಲಂಕಾರ ಬಿಟ್ಟು ನೋಡಿದರೆ ಅದು ಒಳಬಾಯಿಯ, ಮುಂದಕ್ಕೆ ಬಾಗಿದ, ಅಗಲವಾದ, ತೂಕದ ಅಲಗು. ಕಾಡು ಸವರುವ ಮಲೆನಾಡಿನ ಕತ್ತಿಗೂ ನಮ್ಮ ಕುಡಗೋಲಿಗೂ ಅದು ದೂರದ ನಂಟಲ್ಲ. ಒಂದೇ ಕುಲದ ಅಲಗು, ಹತಾರ ಉಳಿಸಿಕೊಂಡ ನಾಡಿನಲ್ಲಿ ಆಭರಣವಾಯಿತು, ಕಳೆದುಕೊಂಡ ನಾಡಿನಲ್ಲಿ ಹೊಲಕ್ಕೆ ಇಳಿಯಿತು. ಕೊಡಗಿನ ಪ್ರಭುತ್ವನಿಷ್ಠೆಯ ರಾಜಕಾರಣ ಬೇರೆಯೇ ಚರ್ಚೆಯ ವಿಷಯ. ಇಲ್ಲಿ ಅದನ್ನು ವಿಸ್ತರಿಸುವುದಿಲ್ಲ.

ಸಂಗ್ರಹದ ಕ್ರಮ

1972ರ ವನ್ಯಜೀವಿ (ಸಂರಕ್ಷಣಾ) ಕಾಯಿದೆಯ ತರುವಾಯ ಬೇಟೆ ಅಪರಾಧ. ಚಿಗರಿಗೆ ಮೊದಲ ಅನುಸೂಚಿಯ ರಕ್ಷಣೆಯಿದೆ. ಅದು ಹಾಗೇ ಇರಬೇಕಾದದ್ದು ಸರಿ. ಇದರ ಜೊತೆಗೆ, 1871ರಲ್ಲಿ ಬಂದು 1952ರಲ್ಲಿ ಕೊನೆಗೊಂಡ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಕಳಂಕವನ್ನು ಹರಣಶಿಕಾರಿಗಳಂತಹ ಸಮುದಾಯಗಳು ಇಂದಿಗೂ ಹೊತ್ತಿವೆ. ಹೀಗಿರುವಾಗ ಕ್ಷೇತ್ರಕಾರ್ಯಕ್ಕೆ ಹೋದವನು ‘ಬೇಟೆಯ ಕತ್ತಿ ಯಾವುದು?’ ಎಂದು ಕೇಳಿದರೆ ದೊರೆಯುವುದು ಮೌನ. ಆ ಮೌನವನ್ನು ಸಂಪ್ರದಾಯದ ಅಳಿವೆಂದು ಬರೆದುಕೊಂಡು ಬಂದ ಉದಾಹರಣೆಗಳು ನಮ್ಮ ಪ್ರಬಂಧಗಳಲ್ಲಿ ಸಾಕಷ್ಟಿವೆ. ಪ್ರಶ್ನೆ ಬೇಟೆಯಿಂದಲ್ಲ, ಕುಲುಮೆಯಿಂದ ಆರಂಭವಾಗಬೇಕು. ಹೆಸರನ್ನಲ್ಲ, ಕ್ರಿಯಾಪದವನ್ನು ಕೊಟ್ಟು ಕೇಳಬೇಕು: ಸುಲಿಯುವುದಕ್ಕೆ ಯಾವುದು, ಹೆರೆಯುವುದಕ್ಕೆ ಯಾವುದು, ಕೀಲಿಗೆ ಯಾವುದು. ಬೇಟೆಯ ವಿಷಯ ತಾನಾಗಿ ಬಂದರೆ, ಹೇಳಿದವರ ಹೆಸರನ್ನೂ ಊರನ್ನೂ ಟಿಪ್ಪಣಿಯಲ್ಲಿ ಕೂಡ ಬರೆಯಬಾರದು.

ನಮೂದು ಹೇಗಿರಬೇಕೆಂಬುದಕ್ಕೆ ಒಂದು ಮಾದರಿಯನ್ನು ಕೊಡಬಹುದು. ‘ರಂಪಗಿ: ತೊಗಲಿನ ಕೆಲಸದ ಹತಾರ, ಬಾಯಿ ಹೊರಗೆ ಉಬ್ಬಿ ಅರ್ಧಚಂದ್ರದಂತಿರುವುದು, ಮೊನೆಯಿಲ್ಲ, ಅಂಗೈಯಿಂದ ಒತ್ತಿ ಮುಂದಕ್ಕೆ ದೂಡುವರು, ಕ್ರಿಯೆ: ಕೊಯ್, ಹೆರೆ, ಸುಲಿ.’ ರೂಪ, ಹಿಡಿತ, ಚಲನೆ, ಕ್ರಿಯೆ ಇಷ್ಟಿದ್ದರೆ ಆ ಅಲಗನ್ನು ಕಾಣದ ಓದುಗನೂ ಅದನ್ನು ಬರೆದು ತೋರಿಸಬಲ್ಲ. ಹದದ ಬಣ್ಣಕ್ಕೆ ಕಂಬಾರರು ಬಳಸುವ ಶಬ್ದಗಳನ್ನು ಇದೇ ನಮೂದಿನಲ್ಲಿ ಸೇರಿಸಬೇಕು. ಆ ಶಬ್ದಗಳು ಒಂದು ಕುಲುಮೆಯಿಂದ ಇನ್ನೊಂದಕ್ಕೆ ಬೇರೆಯಾಗುವ ಸಾಧ್ಯತೆಯಿರುವುದರಿಂದ ನಾಲ್ಕೂ ತಾಲ್ಲೂಕುಗಳಲ್ಲಿ ಪ್ರತ್ಯೇಕವಾಗಿ ಕೇಳುವುದು ಅಗತ್ಯ. ಕಾರ್ಖಾನೆಯ ಕುಡಗೋಲು ವಾರದ ಸಂತೆಗೆ ಅಗ್ಗವಾಗಿ ಬಂದ ಮೇಲೆ ಹಣಿಸುವ ಕೆಲಸವೊಂದೇ ಉಳಿದಿರುವ ಕುಲುಮೆಗಳಿವೆ. ಸಂಗ್ರಹವನ್ನು ಅಲ್ಲಿಂದಲೇ ಆರಂಭಿಸಬೇಕು.